ಹಂಗಾಮಿನಲ್ಲಿ ಟ್ರ್ಯಾಕ್ಟರು ನಿಲ್ಲದಿರಲಿ: ಸಾಮಾನ್ಯ ದೋಷಗಳು, ಅವುಗಳ ಗುರುತು ಹಾಗೂ ದುರಸ್ತಿಯ ಖರ್ಚು



ಕಬ್ಬು ಹೊಲದಲ್ಲಿ ನಿಂತಿರುವವರೆಗೆ ಅದು ರೈತನ ಕೈಯಲ್ಲಿರುತ್ತದೆ. ಕಡಿದು ಟ್ರೇಲರಿಗೆ ಹೇರಿದ ಮೇಲೆ ಅದು ಯಂತ್ರದ ಕೈಗೆ ಹೋಗುತ್ತದೆ. ಕಡಿದ ಕಬ್ಬು ಯಾರಿಗಾಗಿಯೂ ಕಾಯುವುದಿಲ್ಲ. ಬಿಸಿಲಿಗೆ ತೇವ ಆರಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆ ಒಡೆದು, ಹರಳುಗಟ್ಟದ ಸಕ್ಕರೆಯಾಗಿ ಮಾರ್ಪಡುತ್ತದೆ. ಆದುದರಿಂದಲೇ ಕಡಿದ 24 ತಾಸಿನೊಳಗೆ ಕಬ್ಬು ನುರಿಸಬೇಕೆಂದು ಮೇಲಿಂದ ಮೇಲೆ ಹೇಳಲಾಗುತ್ತದೆ. ತೂಕ ಇಳಿದರೆ ಸದಸ್ಯನಿಗೆ ಹಾನಿ, ಉತಾರ ಇಳಿದರೆ ಕಾರಖಾನೆಗೆ ಹಾನಿ. ಕಬ್ಬಿನ ದರ ಉತಾರದ ಮೇಲೆ ನಿಂತಿರುವುದರಿಂದ ಕೊನೆಗೆ ಎರಡೂ ಹಾನಿಗಳು ಸದಸ್ಯನ ಮನೆಗೇ ಬರುತ್ತವೆ.

ಹೀಗಿರುವಾಗ ಹಂಗಾಮಿನ ನಡುವೆ ಟ್ರ್ಯಾಕ್ಟರು ರಸ್ತೆಯಲ್ಲಿ ನಿಂತರೆ ಆಗುವ ನಷ್ಟವು ಗ್ಯಾರೇಜಿನ ಬಿಲ್ಲಿಗಷ್ಟೇ ಮುಗಿಯುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಖಂಡೆ ಪೂಜೆಯ ದಿನ ಟ್ರ್ಯಾಕ್ಟರಿಗೆ ನೀರು ಹೊಡೆದು, ಕುಂಕುಮ ಹಚ್ಚಿ, ಮಾಲೆ ಹಾಕುವ ಪದ್ಧತಿ ನಮ್ಮಲ್ಲಿದೆ. ಅದೇ ವಾರದಲ್ಲಿ ಎರಡು ತಾಸು ಬಿಡುವು ಮಾಡಿಕೊಂಡು ಯಂತ್ರದ ಒಳಹೊರಗನ್ನು ನೋಡಿಕೊಂಡರೆ ಹಂಗಾಮಿನ ಅರ್ಧ ತೊಂದರೆ ಅಲ್ಲಿಯೇ ತೀರುತ್ತದೆ. ಯಾವ ದೋಷಕ್ಕೆ ಯಾವ ಗುರುತು, ಯಾವುದನ್ನು ನಾವೇ ಸರಿಪಡಿಸಬಹುದು, ಯಾವುದಕ್ಕೆ ಮೇಸ್ತ್ರಿಯೇ ಬೇಕು, ಬಿಲ್ಲನ್ನು ಹೇಗೆ ನೋಡಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ. ಮನೆಯಲ್ಲಿ ಡಿಸೆಲ್ ಜೀಪು ಅಥವಾ ಕಾರು ಇದ್ದವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

1. ಇಂಜಿನ್ನು ಕೆಲಸ ಮಾಡುವ ಬಗೆ

ಡಿಸೆಲ್ ಇಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಪಿಸ್ಟನ್ನು ಗಾಳಿಯನ್ನು ಹದಿನಾರು-ಹದಿನೆಂಟು ಪಟ್ಟು ಚಿಕ್ಕದಾಗಿ ಒತ್ತುತ್ತದೆ. ಒತ್ತಿದ ಗಾಳಿ ಕೆಂಡದಂತೆ ಕಾಯುತ್ತದೆ. ಆ ಗಾಳಿಗೆ ನೋಝಲ್ಲು ಡಿಸೆಲನ್ನು ಮಂಜಿನಂತೆ ಚಿಮುಕಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಇಂಜಿನ್ನಿಗೆ ಬೇಕಾದುದು ಮೂರೇ: ಶುದ್ಧ ಗಾಳಿ, ಶುದ್ಧ ಡಿಸೆಲ್ಲು, ಸೋರಿಕೆಯಿಲ್ಲದ ಒತ್ತಡ. ಇವಲ್ಲದೆ ಕಾವು ಹೊರಹಾಕಲು ನೀರು, ಸವೆತ ತಡೆಯಲು ಎಣ್ಣೆ ಬೇಕು. ಯಾವ ದೋಷ ಬಂದರೂ ಈ ಐದರಲ್ಲಿ ಯಾವುದಕ್ಕೆ ಕೊರತೆಯಾಗಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡವನು ಸುಮ್ಮಸುಮ್ಮನೆ ಭಾಗ ಬದಲಿಸುವುದಿಲ್ಲ.

2. ಹೊಗೆಯ ಬಣ್ಣ ಹೇಳುವ ಮಾತು

ಕಪ್ಪು ಹೊಗೆ: ಡಿಸೆಲ್ಲು ಹೆಚ್ಚು, ಗಾಳಿ ಕಡಿಮೆ ಎಂದು ಅರ್ಥ. ಹತ್ತರಲ್ಲಿ ಹಲವು ಸಲ ಕಾರಣ ಏರ್ ಕ್ಲೀನರೇ ಆಗಿರುತ್ತದೆ. ಕಬ್ಬಿನ ರವದಿ, ಎರೆ ಭೂಮಿಯ ಧೂಳು ಎರಡೂ ಸೇರಿ ಅದನ್ನು ಕಟ್ಟಿಸುತ್ತವೆ. ಎಣ್ಣೆ ಬಟ್ಟಲಿರುವ ಕ್ಲೀನರಾದರೆ ಬಟ್ಟಲನ್ನು ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಗುರುತು ಮೀರಿ ಹಾಕಿದರೆ ಇಂಜಿನ್ನು ಆ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರಾದರೆ ಹೊರಗಿನದನ್ನು ಒಳಗಿನಿಂದ ಹೊರಕ್ಕೆ ಹಗುರ ಗಾಳಿ ಬಿಟ್ಟು ಸ್ವಚ್ಛ ಮಾಡಬಹುದು. ಒಳಗಿನ ಚಿಕ್ಕ ಫಿಲ್ಟರನ್ನು ಗಾಳಿ ಹೊಡೆದು ಬಳಸಬಾರದು, ಕೆಟ್ಟರೆ ಬದಲಿಸಬೇಕು. ಕ್ಲೀನರು ಸ್ವಚ್ಛವಿದ್ದರೂ ಕಪ್ಪು ಹೊಗೆ ಬಂದರೆ ನೋಝಲ್ಲುಗಳ ಪರೀಕ್ಷೆ ಬೇಕು. ಮಿತಿ ಮೀರಿದ ಹೇರಿನಿಂದಲೂ ಕಪ್ಪು ಹೊಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ನೀಲಿ ಹೊಗೆ: ಇಂಜಿನ್ ಎಣ್ಣೆ ಸುಡುತ್ತಿದೆ. ರಿಂಗು, ಬೋರು ಅಥವಾ ವಾಲ್ವಿನ ಗೈಡು ಸವೆದಿರಬಹುದು. ಎಣ್ಣೆ ಎಷ್ಟು ದಿನಕ್ಕೆ ಎಷ್ಟು ಇಳಿಯುತ್ತದೆಂದು ಬರೆದಿಡುತ್ತ ಹೋದರೆ ಮೇಸ್ತ್ರಿಗೆ ಹೇಳಲು ಆಧಾರ ಸಿಗುತ್ತದೆ.

ಬಿಳಿ ಹೊಗೆ: ಚಳಿಯ ಮುಂಜಾನೆ ಎರಡು ನಿಮಿಷ ಬಂದು ಹೋದರೆ ಚಿಂತೆಯಿಲ್ಲ. ಕಾದ ಮೇಲೂ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿರುವ ಸಂಶಯ ಪಡಬೇಕು. ನೀರು ಇಳಿಯದಿದ್ದರೆ ಸುಡದೇ ಉಳಿದ ಡಿಸೆಲ್ಲು ಹಾಗೆ ಹೊರಬರುತ್ತಿರಬಹುದು. ಆಗ ನೋಝಲ್ಲು ಅಥವಾ ಪಂಪಿನ ಟೈಮಿಂಗು ನೋಡಿಸಬೇಕು.

3. ಇಂಜಿನ್ನು ಕಾಯುವುದು

ಇಳಿಜಾರು ಏರು ಇರುವ ರಸ್ತೆಯಲ್ಲಿ ಎರಡು ಟ್ರೇಲರು ಎಳೆಯುವಾಗ ಮುಳ್ಳು ಕೆಂಪಿಗೆ ಏರಿದರೆ ಮೊದಲು ಮಾಡಬೇಕಾದುದು ನಿಲ್ಲಿಸುವುದು. ಹೇರು ಬಿಟ್ಟು, ಇಂಜಿನ್ನನ್ನು ಸ್ವಲ್ಪ ಹೊತ್ತು ನಿಧಾನ ಓಡಲು ಬಿಟ್ಟು, ಅನಂತರ ಬಂದು ಮಾಡಬೇಕು. ಎಣ್ಣೆಯ ದೀಪ ಹತ್ತಿದ್ದರೆ ಅಥವಾ ನೀರೆಲ್ಲ ಸೋರಿ ಹೋಗಿದ್ದರೆ ಮಾತ್ರ ತಡಮಾಡದೆ ಕೂಡಲೇ ಬಂದು ಮಾಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆರೆಯಬಾರದು. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿಗೂ ಮೇಲೆ ಕಾದಿರುತ್ತದೆ. ಮುಚ್ಚಳ ಸಡಿಲಾದೊಡನೆ ಆವಿ ಮುಖಕ್ಕೆ ಚಿಮ್ಮುತ್ತದೆ. ಕೈಯಿಂದ ಮುಟ್ಟಲು ಬರುವಷ್ಟು ಆರಿದ ಮೇಲೆಯೇ ತೆರೆಯಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು. ಬೀಡಿನ ಹೆಡ್ಡು ಸೀಳುತ್ತದೆ, ಒಂದು ಕೊಡ ನೀರು ಇಡೀ ಹೆಡ್ಡಿನ ಬೆಲೆಯನ್ನು ತರುತ್ತದೆ.

ಕಾರಣವನ್ನು ಅಗ್ಗದಿಂದ ದುಬಾರಿಗೆ ಎಂಬ ಕ್ರಮದಲ್ಲಿ ಹುಡುಕಬೇಕು:

(ಅ) ನೀರು ಕಡಿಮೆಯಾಗಿದೆಯೇ, ಪೈಪು-ಕ್ಲಿಪ್ಪುಗಳಲ್ಲಿ ಸೋರಿಕೆ ಇದೆಯೇ.
(ಆ) ರೇಡಿಯೇಟರಿನ ಮುಂಭಾಗದ ಜಾಳಿಗೆಯಲ್ಲಿ ರವದಿ, ಹುಳು, ಧೂಳು ತುಂಬಿದೆಯೇ. ಹಂಗಾಮಿನಲ್ಲಿ ಇದನ್ನು ದಿನವೂ ಸ್ವಚ್ಛ ಮಾಡಬೇಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.
(ಇ) ಫ್ಯಾನ್ ಬೆಲ್ಟು ಸಡಿಲವೇ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 15 ಮಿಲಿಮೀಟರು ಬಗ್ಗಬೇಕು. ಬಿರುಕು ಬಿಟ್ಟಿದ್ದರೆ ಬದಲಿಸಬೇಕು.
(ಈ) ಥರ್ಮೋಸ್ಟಾಟು ಅಂಟಿಕೊಂಡಿದೆಯೇ. ಬಿಸಿನೀರಿನಲ್ಲಿ ಹಾಕಿ ಬಾಯಿ ತೆರೆಯುತ್ತದೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಅದನ್ನು ತೆಗೆದು ಎಸೆದು ಓಡಿಸುವ ರೂಢಿ ಸರಿಯಲ್ಲ. ಇಂಜಿನ್ನು ತಕ್ಕ ಕಾವಿಗೆ ಬರದಿದ್ದರೆ ಡಿಸೆಲ್ಲು ಹೆಚ್ಚು ತಿನ್ನುತ್ತದೆ, ಬೋರೂ ಬೇಗ ಸವೆಯುತ್ತದೆ.
(ಉ) ನೀರಿನ ಪಂಪು, ಕೊನೆಗೆ ಹೆಡ್ ಗ್ಯಾಸ್ಕೆಟ್ಟು.

ನಮ್ಮ ಭಾಗದ ಬೋರಿನ ನೀರು ಹಲವೆಡೆ ಗಡಸು. ಅಡುಗೆಯ ಪಾತ್ರೆಗೆ ಬಿಳಿ ಪದರು ಕಟ್ಟುವಂತೆ ಇಂಜಿನ್ನಿನ ಒಳದಾರಿಗಳಿಗೂ ಸುಣ್ಣ ಕಟ್ಟುತ್ತದೆ. ಆದುದರಿಂದ ತಯಾರಕರು ಹೇಳಿದ ಕೂಲಂಟನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ಬೆರೆಸಲು ಬಟ್ಟಿ ಇಳಿಸಿದ ನೀರು ಅಥವಾ ಸೋಸಿದ ಮಳೆನೀರು ಒಳ್ಳೆಯದು.

4. ಸ್ಟಾರ್ಟ್ ಆಗದಿರುವುದು

ಸ್ಟಾರ್ಟ್ ಆಗದಿದ್ದಾಗ ಎರಡು ದಾರಿಗಳನ್ನು ಬೇರ್ಪಡಿಸಬೇಕು. ಸೆಲ್ಫು ಇಂಜಿನ್ನನ್ನು ತಿರುಗಿಸುತ್ತಿಲ್ಲವೋ, ತಿರುಗಿಸಿಯೂ ಇಂಜಿನ್ನು ಹೊತ್ತುತ್ತಿಲ್ಲವೋ? ಮೊದಲನೆಯದು ಬ್ಯಾಟರಿಯ ಮಾತು, ಎರಡನೆಯದು ಡಿಸೆಲ್ಲಿನ ಮಾತು.

ತಿರುಗಿಸದಿದ್ದರೆ ಹೆಡ್‌ಲೈಟು ಹಚ್ಚಿ ಸೆಲ್ಫು ಹೊಡೆದು ನೋಡಬೇಕು. ದೀಪ ಬಾಡಿ ಹೋದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಟರ್ಮಿನಲ್ಲಿನ ಹಿಡಿತ ಸಡಿಲಾಗಿದೆ. ದೀಪ ಹಾಗೆಯೇ ಉರಿದು ಸದ್ದೇ ಬಾರದಿದ್ದರೆ ಸ್ವಿಚ್ಚು, ಸೊಲೆನಾಯ್ಡಿನ ತಂತಿ, ಅಥವಾ ಕ್ಲಚ್ಚು-ಗೇರಿನ ಸುರಕ್ಷತಾ ಸ್ವಿಚ್ಚನ್ನು ನೋಡಬೇಕು. ಟರ್ಮಿನಲ್ಲಿಗೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಬಿಗಿ ಮಾಡಿ, ಮೇಲೆ ವ್ಯಾಸಲೀನು ಸವರಬೇಕು. ಬಿಚ್ಚುವಾಗ ಮೈನಸ್ ತಂತಿ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು, ಆಸಿಡ್ ಹಾಕಬಾರದು.

ಹೊಸ ಬ್ಯಾಟರಿಗೆ ಹಣ ಕೊಡುವ ಮುನ್ನ ಮೀಟರು ಹಚ್ಚಿಸಿ ನೋಡಬೇಕು. 12 ವೋಲ್ಟಿನ ಬ್ಯಾಟರಿ ಪೂರ್ಣ ತುಂಬಿ ಸುಮ್ಮನಿರುವಾಗ ಸುಮಾರು 12.6 ವೋಲ್ಟು ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಅದು ಬಹುಪಾಲು ಖಾಲಿ. ಇಂಜಿನ್ನು ಓಡುತ್ತಿರುವಾಗ 13.8ರಿಂದ 14.4ರವರೆಗೆ ಬರಬೇಕು. ಅಷ್ಟು ಬಾರದಿದ್ದರೆ ತಪ್ಪು ಬ್ಯಾಟರಿಯದಲ್ಲ. ಆಲ್ಟರ್ನೇಟರು, ಅದರ ಬೆಲ್ಟು ಅಥವಾ ರೆಗ್ಯುಲೇಟರಿನದು. ಇದನ್ನು ನೋಡದೆ ಹೊಸ ಬ್ಯಾಟರಿ ಕೂರಿಸಿದರೆ ಅದೂ ಕೆಲವೇ ದಿನಗಳಲ್ಲಿ ಇಳಿದು ಕೂರುತ್ತದೆ.

ಸೆಲ್ಫು ತಿರುಗಿಸಿಯೂ ಹೊತ್ತದಿದ್ದರೆ ಟಾಕಿಯಲ್ಲಿ ಡಿಸೆಲ್ಲಿದೆಯೇ, ಕಾಕ್ ತೆರೆದಿದೆಯೇ, ನಿಲ್ಲಿಸುವ ಗುಂಡಿ ಒಳಗೆ ಹೋಗಿದೆಯೇ ಎಂದು ಮೊದಲು ನೋಡಬೇಕು. ಟಾಕಿ ಬರಿದಾಗಿ ಓಡಿದ್ದರೆ ಏರ್ ಹಿಡಿದಿರುತ್ತದೆ. ಹಳೆಯ ಮಾದರಿಯ ಪಂಪಿದ್ದರೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆ ನಿಂತು ಡಿಸೆಲ್ಲು ಸಲೀಸಾಗಿ ಬರುವವರೆಗೆ ಬಿಟ್ಟು ಬಿಗಿ ಮಾಡಬೇಕು. ಅನಂತರ ಪಂಪಿನ ಸ್ಕ್ರೂವಿನಲ್ಲಿಯೂ ಹಾಗೆಯೇ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಜಾರಿಗೆ ಬಂದಿದೆ. ಅಂಥ ಟ್ರ್ಯಾಕ್ಟರುಗಳಲ್ಲಿ, ಹಾಗೂ ಈಗಿನ ಡಿಸೆಲ್ ಜೀಪು-ಕಾರುಗಳಲ್ಲಿ, ಹೆಚ್ಚಾಗಿ ಕಾಮನ್ ರೇಲ್ ಎಂಬ ಪದ್ಧತಿ ಇರುತ್ತದೆ. ಅದರಲ್ಲಿ ಡಿಸೆಲ್ಲಿನ ಒತ್ತಡ ಗಾಳಿಯ ಸಾಮಾನ್ಯ ಒತ್ತಡದ ಸಾವಿರ ಪಟ್ಟಿಗೂ ಮೀರುತ್ತದೆ. ಇಂಜಿನ್ನು ಓಡುತ್ತಿರುವಾಗ ಅದರ ಪೈಪಿನ ನಟ್ಟನ್ನು ಸಡಿಲಿಸಿದರೆ ಡಿಸೆಲ್ಲು ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ ಮಾತ್ರ, ಆದರೆ ತಡಮಾಡಿದರೆ ಬೆರಳು, ಕೈ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಹಾಗಾದಾಗ ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಹಳೆಯ ಪದ್ಧತಿಯ ನೋಝಲ್ಲಿನ ಎದುರಿಗೂ ಕೈ ಹಿಡಿಯಬಾರದು.

ಡಿಸೆಲ್ಲನ್ನು ಬ್ಯಾರಲಿನಲ್ಲಿ ತಂದಿಡುವವರು ಅದನ್ನು ಒಂದು ಕಡೆಗೆ ವಾಲಿಸಿ, ನೆರಳಿನಲ್ಲಿ, ಅಲುಗಿಸದೆ ಇಡಬೇಕು. ನೀರು, ಕೆಸರು ತಳಕ್ಕೆ ಇಳಿಯುತ್ತವೆ. ತಳ ಕದಡಿ ಸುರಿಯಬಾರದು. ಸಂಜೆ ಕೆಲಸ ಮುಗಿದ ಮೇಲೆ ಟಾಕಿ ತುಂಬಿಸಿ ಇಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರಿನ ಹನಿ ಕಟ್ಟುವುದು ಕಡಿಮೆಯಾಗುತ್ತದೆ. ಸಣ್ಣ ಸೋರಿಕೆಯನ್ನೂ ಲೆಕ್ಕಿಸದೆ ಬಿಡಬಾರದು. ಕ್ಷಣಕ್ಕೊಂದು ಹನಿ ಎಂದರೆ ಎಂಟು ತಾಸಿಗೆ 28,800 ಹನಿ. ಕೆಳಗೆ ಒಂದು ಡಬ್ಬಿ ಇಟ್ಟು ಸಂಜೆ ಅಳೆದು ನೋಡಿದರೆ ಒಂದು ತಾಮ್ರದ ವಾಶರಿನ ಬೆಲೆ ಏನೆಂದು ತಿಳಿಯುತ್ತದೆ.

5. ಎಣ್ಣೆ

ಹಿಂದೆ ಚಕ್ಕಡಿಯ ಕೀಲಿಗೆ ಎಣ್ಣೆ ಹಾಕದೆ ಯಾರೂ ದೂರದ ಹಾದಿ ಹಿಡಿಯುತ್ತಿರಲಿಲ್ಲ. ಟ್ರ್ಯಾಕ್ಟರಿಗೂ ಅದೇ ನ್ಯಾಯ. ಮುಂಜಾನೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಣ್ಣೆಯ ಕಡ್ಡಿ ತೆಗೆದು ನೋಡಬೇಕು. ಎರಡು ಗುರುತುಗಳ ನಡುವೆ ಇರಬೇಕು. ಮಟ್ಟದ ಜೊತೆಗೆ ಬಣ್ಣವನ್ನೂ ನೋಡಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿದ್ದು, ಎಣ್ಣೆ ತೆಳ್ಳಗಾಗಿ ಡಿಸೆಲ್ಲಿನ ವಾಸನೆ ಬರುತ್ತಿದ್ದರೆ ಡಿಸೆಲ್ಲು ಸೇರಿದೆ. ಎರಡರಲ್ಲಿ ಯಾವುದಿದ್ದರೂ ಒಂದು ಖೇಪು ಸಹ ಹೊಡೆಯಬಾರದು, ಬೇರಿಂಗು ಹಿಡಿದುಬಿಡುತ್ತದೆ.

ಓಡುವಾಗ ಎಣ್ಣೆಯ ಒತ್ತಡದ ಕೆಂಪು ದೀಪ ಹತ್ತಿದರೆ "ಕಾರಖಾನೆ ಇಲ್ಲೇ ಇದೆ, ಮುಟ್ಟಿಸಿಬಿಡೋಣ" ಎನ್ನುವುದು ಅತ್ಯಂತ ದುಬಾರಿಯ ಮಾತು. ಎಣ್ಣೆಯ ಒತ್ತಡವಿಲ್ಲದೆ ಕೆಲವೇ ನಿಮಿಷಗಳಲ್ಲಿ ಕ್ರ್ಯಾಂಕು, ಬೇರಿಂಗು ಎರಡೂ ಕೆಡುತ್ತವೆ. ಎಣ್ಣೆ, ಫಿಲ್ಟರು ಬದಲಿಸುವ ತಾಸುಗಳನ್ನು ಟ್ರ್ಯಾಕ್ಟರಿನ ಪುಸ್ತಿಕೆಯಲ್ಲಿ ಕೊಟ್ಟಿರುತ್ತಾರೆ. ಅದನ್ನು ತಾಸಿನ ಮೀಟರು ನೋಡಿ ಪಾಲಿಸಬೇಕು. ಹಂಗಾಮಿನಲ್ಲಿ ಹಗಲು-ರಾತ್ರಿ ಓಡುವ ಟ್ರ್ಯಾಕ್ಟರಿಗೆ ಆರು ತಿಂಗಳ ಲೆಕ್ಕ ಒಂದೇ ತಿಂಗಳಲ್ಲಿ ಮುಗಿಯಬಹುದು. ಆದುದರಿಂದ ಕ್ಯಾಲೆಂಡರು ನೋಡಿದರೆ ಸಾಲದು.

6. ಕ್ಲಚ್ಚು, ಬ್ರೇಕು, ಟ್ರೇಲರು

ಇಂಜಿನ್ನು ಜೋರಾಗಿ ಕೂಗಿ ಗಾಡಿ ಮುಂದೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ಚು ಜಾರುತ್ತಿದೆ ಎಂದು ತಿಳಿಯಬೇಕು. ಮೊದಲು ಪೆಡಲಿನ ಫ್ರೀ ಪ್ಲೇ ಸರಿಮಾಡಿಸಿ ನೋಡಬೇಕು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು, ಹೇರು ತುಂಬಿದ ಟ್ರೇಲರನ್ನು ಮೇಲಿನ ಗೇರಿನಲ್ಲಿ ಎಬ್ಬಿಸುವುದು, ಇವೆರಡರಿಂದ ಕ್ಲಚ್ಚಿನ ಆಯುಷ್ಯ ಅರ್ಧವಾಗುತ್ತದೆ. ಈ ಮಾತನ್ನು ಡ್ರೈವರಿಗೆ ಮನವರಿಕೆ ಮಾಡಿಕೊಡಬೇಕು.

ಕ್ಲಚ್ಚು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ಹೋಳಾಗಿ ಬಿಚ್ಚಬೇಕಾಗುತ್ತದೆ. ಈ ಕೆಲಸದಲ್ಲಿ ಮಜೂರಿಯೇ ದೊಡ್ಡದು. ಆದುದರಿಂದ ಬಿಚ್ಚಿದಾಗಲೇ ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಅಲ್ಲಿನ ಎಣ್ಣೆಯ ಸೀಲುಗಳನ್ನು ನೋಡಿಸಿ, ಸವೆದಿದ್ದರೆ ಬದಲಿಸಿಬಿಡಬೇಕು. ಸಣ್ಣ ಬೇರಿಂಗನ್ನು ಉಳಿಸಿದರೆ ಎರಡು ತಿಂಗಳಿಗೆ ಪುನಃ ಅದೇ ಬಿಚ್ಚುವ ಮಜೂರಿ ಕೊಡಬೇಕಾಗುತ್ತದೆ.

ರಸ್ತೆಗೆ ಇಳಿಯುವಾಗ ಎರಡೂ ಬ್ರೇಕಿನ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಒಂದೇ ಗಾಲಿಗೆ ಬ್ರೇಕು ಬಿದ್ದರೆ ಟ್ರ್ಯಾಕ್ಟರು ತಿರುಗಿ ಪಲ್ಟಿಯಾಗುತ್ತದೆ. ಇಳಿಜಾರಿನಲ್ಲಿ ಡಿಸೆಲ್ಲು ಉಳಿಸಲೆಂದು ನ್ಯೂಟ್ರಲ್ ಮಾಡಬಾರದು. ಏರಿದ ಗೇರಿನಲ್ಲಿಯೇ ಇಳಿಯಬೇಕು. ಅತಿ ಹೇರಿದಾಗ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ, ಆಗ ಸ್ಟೇರಿಂಗು ಇದ್ದೂ ಇಲ್ಲದಂತೆ.

ಟ್ರೇಲರಿಗೆ ಇಂಜಿನ್ನಿಲ್ಲವೆಂದು ಅದನ್ನು ಅಲಕ್ಷಿಸುವವರೇ ಹೆಚ್ಚು. ಹಂಗಾಮಿಗೆ ಮುನ್ನ ಹಬ್ಬುಗಳನ್ನು ಬಿಚ್ಚಿ, ಬೇರಿಂಗು ತೊಳೆದು, ಹೊಸ ಗ್ರೀಸು ತುಂಬಬೇಕು. ಹತ್ತು ಕಿಲೋಮೀಟರು ಓಡಿದ ಮೇಲೆ ನಿಲ್ಲಿಸಿ ಹಬ್ಬಿನ ಹತ್ತಿರ ಕೈಯ ಹಿಂಭಾಗ ಹಿಡಿದು ನೋಡಬೇಕು. ಉಳಿದವುಗಳಿಗಿಂತ ಒಂದು ಹೆಚ್ಚು ಕಾದಿದ್ದರೆ ಅಲ್ಲಿ ಬೇರಿಂಗು ಬಿಗಿಯಾಗಿದೆ ಅಥವಾ ಗ್ರೀಸಿಲ್ಲ. ಜೋಡಣೆಯ ಪಿನ್ನು ಸವೆದಿದ್ದರೆ ಬದಲಿಸಿ, ಜೊತೆಗೆ ಸುರಕ್ಷತೆಯ ಸರಪಳಿ ಹಾಕಬೇಕು.

ರಾತ್ರಿಯ ಹೊತ್ತು ಟ್ರೇಲರಿನ ಹಿಂದೆ ಇಳಿಬಿದ್ದ ಕಬ್ಬು ಹಿಂದಿನ ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿಬಿಡುತ್ತದೆ. ಹಿಂದಿನಿಂದ ಬರುವ ಮೋಟರ್ ಸೈಕಲಿನವನಿಗೆ ಟ್ರೇಲರು ಕಾಣುವುದೇ ಇಲ್ಲ. ಕೆಂಪು ರಿಫ್ಲೆಕ್ಟರು ಅಥವಾ ಹೊಳೆಯುವ ಪಟ್ಟಿಯನ್ನು ಹೇರಿನ ಹೊರ ಅಂಚಿನಲ್ಲಿ ಕಾಣುವಂತೆ ಕಟ್ಟಬೇಕು. ಗಾಡಿ ಕೆಟ್ಟು ನಿಂತಾಗ ಸುತ್ತ ಇಟ್ಟ ಕಲ್ಲುಗಳನ್ನು, ದುರಸ್ತಿಯಾದ ಮೇಲೆ, ಮರೆಯದೆ ತೆಗೆದು ಹೊರಡಬೇಕು. ಬಿಟ್ಟು ಹೋದ ಒಂದು ಕಲ್ಲು ನಮ್ಮದೇ ಊರಿನ ಹುಡುಗನ ಜೀವ ತೆಗೆಯಬಹುದು.

7. "ಬೋರು ಹೋಗಿದೆ" ಎಂದಾಗ

ಇಂಜಿನ್ನು ಪೂರ್ಣ ಬಿಚ್ಚುವ ಕೆಲಸ ಎಲ್ಲಕ್ಕಿಂತ ದೊಡ್ಡ ಖರ್ಚು. ಶಕ್ತಿ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಒಪ್ಪಬಾರದು. ಏರ್ ಕ್ಲೀನರು, ಡಿಸೆಲ್ ಫಿಲ್ಟರು, ನೋಝಲ್ಲು, ವಾಲ್ವಿನ ಟ್ಯಾಪೆಟ್ ಅಂತರ, ಇವು ನಾಲ್ಕನ್ನು ಮೊದಲು ನೋಡಿಸಬೇಕು. ಇವೆಲ್ಲ ಸರಿಯಿದ್ದೂ ನೀಲಿ ಹೊಗೆ ಬರುತ್ತಿದ್ದು, ಎಣ್ಣೆ ಇಳಿಯುತ್ತಿದ್ದು, ಇಂಜಿನ್ನಿನ ಉಸಿರು ಬಿಡುವ ಪೈಪಿನಿಂದ ಹೊಗೆ ಪುಸುಪುಸು ಬರುತ್ತಿದ್ದರೆ ಒತ್ತಡದ ಪರೀಕ್ಷೆ ಮಾಡಿಸಬೇಕು. ಅದರ ಮೀಟರು ತೋರಿಸಿದ ಅಂಕಿಗಳನ್ನು ಪ್ರತಿ ಸಿಲಿಂಡರಿಗೂ ಬರೆಯಿಸಿಕೊಳ್ಳಬೇಕು.

ಬಿಚ್ಚಿದ ಮೇಲೆ ಬೋರು, ಕ್ರ್ಯಾಂಕುಗಳನ್ನು ಅಳತೆಯ ಉಪಕರಣದಿಂದ ಅಳೆಯುವುದು ಅವಶ್ಯ, ಕಣ್ಣಳತೆ ಸಾಲದು. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25 ಮಿಲಿಮೀಟರಿನ ಹಂತಗಳಲ್ಲಿ ಗ್ರೈಂಡ್ ಮಾಡಿ, ಆ ಅಳತೆಗೆ ತಕ್ಕ ಬೇರಿಂಗು ಹಾಕುತ್ತಾರೆ. ಎಷ್ಟು ಸವೆದಿದೆ, ಯಾವ ಹಂತಕ್ಕೆ ಗ್ರೈಂಡ್ ಮಾಡಿದ್ದಾರೆ ಎಂಬುದನ್ನು ಬಿಲ್ಲಿನಲ್ಲಿ ಬರೆಯಿಸಬೇಕು. ಮುಂದಿನ ಸಲಕ್ಕೆ ಅದೇ ಆಧಾರ.

8. ಖರ್ಚಿನ ಲೆಕ್ಕ

ಯಾವ ದುರಸ್ತಿಯ ಬಿಲ್ಲಿನಲ್ಲಿಯೂ ನಾಲ್ಕು ಬಾಬುಗಳಿರುತ್ತವೆ: ಬಿಡಿ ಭಾಗಗಳು, ಮಜೂರಿ, ಹೊರಗೆ ಮಾಡಿಸಿದ ಕೆಲಸ (ಪಂಪಿನ ಅಂಗಡಿ, ಲೇಥು), ಮತ್ತು ಎಣ್ಣೆ-ಗ್ರೀಸು. ನಾಲ್ಕನ್ನೂ ಬೇರೆ ಬೇರೆ ಬರೆಯದೆ ಒಂದೇ ಒಟ್ಟು ಮೊತ್ತ ಹೇಳಿದರೆ ಒಪ್ಪಬಾರದು. ಬಿಲ್ಲಿನಲ್ಲಿ ಕಾಣದ ಐದನೆಯ ಬಾಬು ಒಂದಿದೆ, ಅದು ನಿಂತ ದಿನಗಳ ನಷ್ಟ.

ತಿಳಿವಳಿಕೆಗಾಗಿ ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳೋಣ. ಡಿಸೆಲ್ಲು, ಡ್ರೈವರನ ಪಗಾರ ಕಳೆದು ದಿನಕ್ಕೆ 3,000 ರೂಪಾಯಿ ಉಳಿಯುತ್ತದೆ ಎನ್ನೋಣ. ಬೆಲ್ಟು ಹರಿದು, ಇಂಜಿನ್ನು ಕಾದು, ಹೆಡ್ ಗ್ಯಾಸ್ಕೆಟ್ಟು ಹೋಗಿ ನಾಲ್ಕು ದಿನ ನಿಂತರೆ 12,000 ರೂಪಾಯಿ ಹೋಯಿತು. ಗ್ಯಾರೇಜಿನ ಬಿಲ್ಲು 9,000 ಆದರೆ ಒಟ್ಟು 21,000. ಇದರಲ್ಲಿ ಬಿಲ್ಲಿನ ಪಾಲು ಅರ್ಧಕ್ಕಿಂತ ಕಡಿಮೆ. ಕೆಲವು ನೂರು ರೂಪಾಯಿಯ ಬೆಲ್ಟನ್ನು ಮೊದಲೇ ಬದಲಿಸಿದ್ದರೆ ಇದಾವುದೂ ಬರುತ್ತಿರಲಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಬೇಕಾದ ಪ್ರಸಂಗ ಹೀಗೆ ಬರುತ್ತದೆ. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿ ನೋಡಬೇಕು.

ಗ್ಯಾರೇಜಿಗೆ ಬಿಡುವಾಗ ಪಾಲಿಸಬೇಕಾದ ನಿಯಮಗಳು:

(ಅ) ದೋಷವನ್ನು ಹೇಳಿ, ಭಾಗವನ್ನು ಹೇಳಬೇಡಿ. "ಪಂಪು ಮಾಡಿಬಿಡು" ಎಂದರೆ ಪಂಪಿನ ಕೆಲಸವೇ ಆಗುತ್ತದೆ, ದೋಷ ಬೇರೆಲ್ಲೋ ಉಳಿದಿರುತ್ತದೆ. "ಕಾದ ಮೇಲೆ ಏರಿನಲ್ಲಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ" ಎಂದು ಹೇಳಬೇಕು.
(ಆ) ಕೆಲಸಕ್ಕೆ ಮುನ್ನ ಅಂದಾಜು ಬರೆಯಿಸಿಕೊಳ್ಳಿ. ಅದಕ್ಕಿಂತ ಹೆಚ್ಚಾಗುವಂತಿದ್ದರೆ ಮೊದಲು ಫೋನು ಮಾಡಿ ಕೇಳಬೇಕೆಂದು ತಾಕೀತು ಮಾಡಿ.
(ಇ) ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.
(ಈ) ಹೊಸ ಭಾಗದ ಪೊಟ್ಟಣವನ್ನು ನೋಡಿ. ಭಾಗದ ನಂಬರು, ಮುದ್ರಿತ ಬೆಲೆ ಎರಡೂ ಇರಬೇಕು. ನಕಲಿ ಫಿಲ್ಟರು, ನಕಲಿ ಬೇರಿಂಗು ಅಗ್ಗವಾಗಿ ಕಂಡರೂ ಕೊನೆಗೆ ಇಂಜಿನ್ನಿನ ಬೆಲೆ ಕೇಳುತ್ತವೆ.
(ಉ) ವಾರಂಟಿ ಅವಧಿಯಲ್ಲಿದ್ದರೆ ಸರ್ವಿಸಿನ ಪುಸ್ತಕದಲ್ಲಿ ತಾಸು ಸಹಿತ ಶಿಕ್ಕಾ ಹಾಕಿಸಿಕೊಳ್ಳಿ.
(ಊ) ಪಕ್ಕಾ ಬಿಲ್ಲು ಪಡೆಯಿರಿ. ಚೀಟಿಯ ಮೇಲಿನ ಲೆಕ್ಕಕ್ಕೆ ಮುಂದೆ ಬೆಲೆಯಿಲ್ಲ.

ಜಿ.ಎಸ್.ಟಿ. ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಿಂದಿನ ಟೈರು-ಟ್ಯೂಬು, ಹಾಗೂ ರೇಡಿಯೇಟರು, ಕ್ಲಚ್ಚು, ಬ್ರೇಕಿನ ಜೋಡಣೆ ಮುಂತಾದ ನಿಗದಿತ ಟ್ರ್ಯಾಕ್ಟರ್ ಭಾಗಗಳ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಕಾರು-ಜೀಪಿನ ಭಾಗಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಬಂದಿದೆ. ಬಿಲ್ಲಿನಲ್ಲಿ ಯಾವ ದರ ಹಚ್ಚಿದ್ದಾರೆಂದು ನೋಡಿ, ಹಳೆಯ ದರ ಇದ್ದರೆ ಕೇಳಬೇಕು.

ಗಡಿಭಾಗದ ನಮ್ಮ ಸದಸ್ಯರಿಗೆ ಇನ್ನೊಂದು ತೊಡಕು. ಮನೆಯ ಮಾತು ಕನ್ನಡವಾದರೂ ಸೋಲಾಪುರ, ಅಕ್ಕಲಕೋಟ, ಜತ್ತದ ಗ್ಯಾರೇಜುಗಳಲ್ಲಿ ಬಿಲ್ಲು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಮರಾಠಿ ಬಿಲ್ಲಿನ ಈ ಶಬ್ದಗಳು ತಿಳಿದಿರಲಿ: ಸುಟೆ ಭಾಗ ಎಂದರೆ ಬಿಡಿ ಭಾಗಗಳು, ಮಜುರಿ ಎಂದರೆ ಕೂಲಿ, ಅಂದಾಜಪತ್ರಕ ಎಂದರೆ ಖರ್ಚಿನ ಅಂದಾಜು, ಆಗಾಊ ಎಂದರೆ ಮುಂಗಡ, ಏಕೂಣ ಎಂದರೆ ಒಟ್ಟು, ಬಾಕಿ ಎಂದರೆ ಉಳಿದ ಹಣ. ಓದಲು ಬಾರದಿದ್ದರೆ ಶಾಲೆ ಕಲಿತ ಮಗಳನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು ಹೋಗುವುದರಲ್ಲಿ ಸಂಕೋಚ ಬೇಡ. ತಿಳಿಯದ ಕಾಗದಕ್ಕೆ ಸಹಿ ಮಾಡಬಾರದು.

ಗ್ಯಾರೇಜಿನವರೊಡನೆ ತಕರಾರು ಬಂದರೆ ಮೊದಲು ಕುಳಿತು ಮಾತನಾಡಿ ತೀರಿಸಿಕೊಳ್ಳುವುದು ಒಳ್ಳೆಯದು. ಹಂಗಾಮಿನಲ್ಲಿ ಅರ್ಧರಾತ್ರಿ ಪಾನಾ ಹಿಡಿದು ಬರುವವನು ಅದೇ ಮೇಸ್ತ್ರಿ. ಪ್ರಾಮಾಣಿಕ ಮೇಸ್ತ್ರಿಗೆ ಮಜೂರಿಯಲ್ಲಿ ಚೌಕಾಸಿ ಮಾಡಿ, ಅವನ ಬಾಕಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದೂ ನ್ಯಾಯವಲ್ಲ. ಆದರೆ ಸ್ಪಷ್ಟ ಮೋಸವಾಗಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗದಲ್ಲಿ ಎರಡು ವರ್ಷಗಳೊಳಗೆ ದೂರು ಕೊಡಲು ಅವಕಾಶವಿದೆ. ಅಲ್ಲಿ ಉಪಯೋಗಕ್ಕೆ ಬರುವುದು ಪಕ್ಕಾ ಬಿಲ್ಲು, ಬರೆದ ಅಂದಾಜು, ಹಳೆಯ ಭಾಗ, ಇವು ಮೂರೇ.

9. ಗಾಡಿಯಲ್ಲಿ ಸದಾ ಇರಬೇಕಾದವು

ಒಂದು ಫ್ಯಾನ್ ಬೆಲ್ಟು, ಒಂದು ಡಿಸೆಲ್ ಫಿಲ್ಟರು, ತಾಮ್ರದ ವಾಶರುಗಳು, ಎರಡು ಪೈಪು ಕ್ಲಿಪ್ಪು, ಫ್ಯೂಜು, ಬಲ್ಬು, ಪಾನಾಗಳ ಜೋಡಿ, ಗ್ರೀಸ್ ಗನ್ನು, ಜಾಕು, ಕ್ಯಾನಿನಲ್ಲಿ ಕೂಲಂಟು, ಬ್ಯಾಟರಿ ದೀಪ, ಕೆಂಪು ತ್ರಿಕೋನ. ಇವೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತವೆ.

ಜೊತೆಗೆ ಒಂದು ಇನ್ನೂರು ಪುಟದ ವಹಿ ಇರಲಿ. ದಿನಾಂಕ, ತಾಸಿನ ಮೀಟರು, ಹಾಕಿದ ಡಿಸೆಲ್ಲು-ಎಣ್ಣೆ, ಮಾಡಿಸಿದ ಕೆಲಸ, ಕೊಟ್ಟ ಹಣ, ಈ ಐದು ಮನೆಗಳನ್ನು ಗೆರೆ ಎಳೆದು ಬರೆಯುತ್ತ ಹೋದರೆ ಹಂಗಾಮಿನ ಕೊನೆಗೆ ಟ್ರ್ಯಾಕ್ಟರು ನಮ್ಮನ್ನು ಸಾಕಿತೋ, ನಾವು ಟ್ರ್ಯಾಕ್ಟರನ್ನು ಸಾಕಿದೆವೋ ಎಂಬುದು ತಾನಾಗಿ ತಿಳಿಯುತ್ತದೆ. ಮುಂದಿನ ವರ್ಷ ದುರಸ್ತಿ ಮಾಡಿಸಬೇಕೋ, ಮಾರಬೇಕೋ ಎಂಬ ನಿರ್ಧಾರಕ್ಕೂ ಅದೇ ವಹಿ ಆಧಾರವಾಗುತ್ತದೆ.

ಸದಸ್ಯರು ಗಾಡಿಗಳನ್ನು ಮೊದಲ ಖೇಪಿಗೆ ಮುನ್ನವೇ ನೋಡಿಕೊಂಡು, ತಮ್ಮ ಡ್ರೈವರುಗಳಿಗೂ ಈ ಲೇಖನವನ್ನು ಓದಿ ಹೇಳಬೇಕಾಗಿ ವಿನಂತಿ.